ಅಮಾವಾಸ್ಯೆಯ ಮಗ್ಗ

“ಅಮಾವಾಸ್ಯೆ ದಿನ ಇವನ ಮನೆಯಲ್ಲಿ ಮಗ್ಗದ ಸದ್ದು ಕೇಳಿತು, ಹೋಗಿ ಹುಡುಕಿ ಅಂತ ಯಾರೋ ಪೊಲೀಸರಿಗೆ ಫೋನು ಮಾಡಿದರಂತೆ. ಇದೊಂದು ಮಾಹಿತಿಯಾ ಸಾರ್? ನೇಕಾರನ ಮನೆಯಲ್ಲಿ ಮಗ್ಗ ಸದ್ದು ಮಾಡದೆ ಇನ್ನೇನು ಮಾಡುತ್ತೆ? ಇಷ್ಟರ ಮೇಲೆ ಕೊಟ್ಟ ಸರ್ಚ್ ವಾರಂಟ್ ನಿಲ್ಲುವುದಿಲ್ಲ.”

ವಕೀಲೆ ಶೋಭನಾ ತಮಿಳಿನಲ್ಲಿ ಹೀಗೆ ವಾದಿಸಿದಾಗ ಕೊಯಮತ್ತೂರಿನ ಆ ಕೋರ್ಟಿನಲ್ಲಿ ಒಂದಿಬ್ಬರು ನಕ್ಕರು. ನ್ಯಾಯಾಧೀಶರೂ ಕಡತದಿಂದ ತಲೆಯೆತ್ತಿದರು. ವಾರಂಟ್ ಬಿದ್ದುಹೋದರೆ, ಮಗ್ಗದ ಕೆಳಗೆ ಕಾಲು ಇಳಿಬಿಡುವ ಗುಂಡಿಯಲ್ಲಿ ಸಿಕ್ಕಿದ ಗಾಂಜಾ, ನಾಡಪಿಸ್ತೂಲಿನ ಕೇಸೂ ಸಡಿಲವಾಗುತ್ತದೆಂದು ಶೋಭನಾ ನಂಬಿದ್ದರು.

ಆರೋಪಿ ರಾಮ್‌ಕುಮಾರ್ ಮಾತ್ರ ನಗಲಿಲ್ಲ. ತಲೆಮಾರುಗಳ ಹಿಂದೆ ಇಲ್ಲಿಗೆ ಬಂದು ನೆಲೆಸಿದ ಕನ್ನಡದ ನೇಕಾರರು ಅವನ ಜನ; ಅಮಾವಾಸ್ಯೆಯಂದು ಅವರು ಮಗ್ಗ ಮುಟ್ಟುವುದಿಲ್ಲ. ಅದು ಇಲ್ಲಿನ ವಕೀಲರಿಗೆ, ನ್ಯಾಯಾಧೀಶರಿಗೆ ಗೊತ್ತಿರಲಿಲ್ಲ, ಪೊಲೀಸರಿಗೂ ಇಲ್ಲ. ಆ ಅಮಾವಾಸ್ಯೆಯಂದು ಗುಂಡಿಯಲ್ಲಿ ಗಂಟು ಹೂಳಿ ಮಣ್ಣು ಮುಚ್ಚುವಷ್ಟರಲ್ಲಿ ಬಾಗಿಲ ಸದ್ದಾಗಿತ್ತು. ಗಾಬರಿಯಲ್ಲಿ ಮಗ್ಗಕ್ಕೆ ಕೂತು ಲಾಳಿ ಎಸೆಯತೊಡಗಿದ್ದ. ಒಳಗೆ ಬಂದವರು ಒಬ್ಬರೇ. ಅನ್ನೂರಿನಿಂದ ಬಸ್ಸಿನಲ್ಲಿ ಬೇಗ ಮರಳಿದ್ದ ಅವನ ತಾಯಿ. ಲಾಳಿ ಹಿಡಿದ ಅವನ ಕೈಯನ್ನೇ ನೋಡುತ್ತ ನಿಂತಿದ್ದಳು.

ಅವನು ಹಿಂದಿನ ಬೆಂಚಿನ ಕಡೆ ತಿರುಗಿದ. ಹನ್ನೊಂದು ತಿಂಗಳಿನಿಂದ ಒಂದು ವಾಯಿದೆಯನ್ನೂ ತಪ್ಪಿಸದ ತಾಯಿ ಕಾಮಾಕ್ಷಿಯಮ್ಮ ಮೊಸರನ್ನದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕಣ್ಣು ತಪ್ಪಿಸಲಿಲ್ಲ.

ಊಟದ ಬಿಡುವಿನಲ್ಲಿ, ಕಾವಲಿನ ಪೇದೆಗೆ ತಿಳಿಯದಂತೆ, ಅವನು ಕನ್ನಡದಲ್ಲಿ ಕೇಳಿದ: “ಫೋನು ಮಾಡಿದ್ದು ನೀನಾ ಅಮ್ಮ?”

ಅವಳು ಡಬ್ಬಿಯ ಮುಚ್ಚಳ ತೆಗೆದು ಅವನ ಮುಂದಿಟ್ಟಳು.

“ಅಮಾಸೆ ದಿನ ಮಗ್ಗ ಮುಟ್ಟಬಾರ್ದು ಅಂತ ಎಷ್ಟು ಸಲ ಹೇಳಿದ್ದೆ, ಸಾಮಿ.”