ಕಿವಿ ಮುಟ್ಟುವ ಪರೀಕ್ಷೆ

“ತಲೆ ಮ್ಯಾಲಿಂದ ಕೈ ತಂದು ಆ ಕಡೆ ಕಿವಿ ಮುಟ್ಟು,” ಎಂದರು ಹರಿಹರದ ಶಾಲೆಯ ಹೆಡ್‌ಮಾಸ್ತರರು. ಒಂದನೇ ಕ್ಲಾಸಿಗೆ ಸೇರುವ ಮಕ್ಕಳಿಗೆಲ್ಲ ವಯಸ್ಸು ನೋಡಲು ಅದೇ ಪರೀಕ್ಷೆ. ಒಂಬತ್ತು ವರ್ಷದ ಗುಲ್ಷನ್ ಸುಮ್ಮನೆ ನಕ್ಕಳು.

“ಬುದ್ಧಿ ನಿಧಾನ ಐತ್ರಿ ಸಾಹೇಬ್ರೆ, ಕೈ ಉದ್ದ ಐತೆ,” ಎಂದಳು ತಾಯಿ ಹಜೀರಾಬೀ.

“ಹೇಳಿದ್ದೇ ತಿಳಿಯಲ್ಲ. ಮನೀಗೆ ಕರ್ಕೊಂಡು ಹೋಗವ್ವ.”

ಹೊಸದಾಗಿ ಕೆಲಸಕ್ಕೆ ಸೇರಿದ್ದ ಪಂಕಜಾಕ್ಷಿ ಟೀಚರಿಗೆ ಹೆಡ್‌ಮಾಸ್ತರರೆದುರು ಬಾಯಿ ತೆರೆಯಲೂ ಭಯ. ಅವಳು ಹುಡುಗಿಯ ಮುಂದೆ ನಿಂತು, ತನ್ನ ಕೈಯನ್ನೇ ತಲೆಯ ಮೇಲಿಂದ ತಂದು ಕಿವಿ ಹಿಡಿದುಕೊಂಡಳು. ಗುಲ್ಷನ್ ಅವಳನ್ನೇ ದಿಟ್ಟಿಸಿ, ನಿಧಾನವಾಗಿ ತನ್ನ ಕಿವಿ ಹಿಡಿದುಕೊಂಡಳು.

“ನೋಡಿ ಮಾಡಿದ್ಲು, ಅಷ್ಟೇ,” ಎಂದು ಹೆಡ್‌ಮಾಸ್ತರರು ಗೊಣಗಿದರು.

“ನನ್ನ ಕ್ಲಾಸಿನಾಗೆ ಎಲ್ಲಾರೂ ನೋಡೇ ಕಲಿಯೋದು ಸಾರ್.” ಕಿವಿಯ ಮೇಲಿನ ಕೈಯನ್ನು ಪಂಕಜಾಕ್ಷಿ ಇಳಿಸಲಿಲ್ಲ.

ಹೆಡ್‌ಮಾಸ್ತರರು ಇಬ್ಬರನ್ನೂ ನೋಡಿ, ದಾಖಲಾತಿ ಪುಸ್ತಕ ತೆರೆದರು. “ಹುಡುಗಿ ಹೆಸರು ಹೇಳವ್ವ,” ಎಂದರು.