ಲೋಕಯ್ಯನ ಚಟ

ಕೃಷ್ಣರಾಜರು ಕೇಳದೆಯೇ ಲೋಕಯ್ಯನ ಮನೆಯ ಫ್ರಿಜ್ಜಿನ ಬಾಗಿಲು ತೆಗೆದರು. ಒಳಗೆ ಅರ್ಧ ತೆಂಗಿನಕಾಯಿ, ಒಂದು ಪಾತ್ರೆ ಗಂಜಿ, ಎರಡು ಬಂಗುಡೆ ಮೀನು. ಮೂಗು ಮುಚ್ಚಿಕೊಂಡು ಬಂಗುಡೆಯ ಹಿಂದೆಯೂ ಇಣುಕಿದರು. ಬಾಟಲಿ ಇರಲಿಲ್ಲ. ಅವರಿಗೆ ನಿರಾಸೆಯೇ ಆಯಿತು.

"ತಪ್ಪು ತಿಳ್ಕೊಳ್ಬೇಡಿ ಅಮ್ಮಣಿ. ಜನರ ದುಡ್ಡು. ಕೊಡುವ ಮೊದಲು ನೋಡ್ಬೇಕಾಗ್ತದೆ."

"ನೋಡಿ ಸರ್," ಎಂದಳು ಅಮ್ಮಣಿ. "ಕಪಾಟು ಈಚೆ ಉಂಟು."

ಕಪಾಟನ್ನೂ ನೋಡಿದರು. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಬೇರೆಯವರ ಸಾಲದ ಅರ್ಜಿ ತಿರಸ್ಕರಿಸಿ ನಿವೃತ್ತರಾದವರು ಅವರು. ಈಗ ಉರ್ವದ ನಿವಾಸಿಗಳ ಸಂಘಕ್ಕೆ ಅಧ್ಯಕ್ಷರು. ಅಮ್ಮಣಿಯ ಗಂಡ ಲೋಕಯ್ಯ ಶಾಮಿಯಾನ, ಕುರ್ಚಿ, ದೀಪ ಬಾಡಿಗೆಗೆ ಕೊಡುವವನು. ಮನೆ ಅಡವಿಟ್ಟು ಸಾಲ ತಂದು ಹೊಸ ಕುರ್ಚಿ, ಟೆಂಪೊ ಕೊಂಡಿದ್ದ. ಕಂತು ತಪ್ಪಿತು. ಸಾಲ ಕೊಟ್ಟವರು ಟೆಂಪೊವನ್ನು ಎಳೆದುಕೊಂಡು ಹೋಗಿ ಎರಡು ತಿಂಗಳಾಗಿತ್ತು. ಈಗ ಮನೆಯ ಗೋಡೆಗೆ ನೋಟಿಸು: ತಿಂಗಳ ಕೊನೆಯೊಳಗೆ ಎರಡು ಲಕ್ಷ ಕಟ್ಟದಿದ್ದರೆ ಬೀಗ. ಅದರ ಫೋಟೊವನ್ನು ಯಾರೋ ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದರು. ಅರ್ಧ ಗಂಟೆಯಲ್ಲಿ ಎಂಬತ್ತು ಮಂದಿ ಕೈಮುಗಿಯುವ ಚಿತ್ರ ಕಳಿಸಿದರು. ಸಹಾಯನಿಧಿ ಹುಟ್ಟಿದ್ದು ಹಾಗೆ.

ಕೃಷ್ಣರಾಜರಿಗೆ ಮಾತ್ರ ಅನುಮಾನ. ಉರ್ವದಲ್ಲಿ ಮದುವೆಯಾಗಲಿ, ಗೃಹಪ್ರವೇಶವಾಗಲಿ, ಸಂಘದ ವಾರ್ಷಿಕೋತ್ಸವವಾಗಲಿ, ನಾಲ್ಕು ಜನ ಕೂರಬೇಕಾದರೆ ಲೋಕಯ್ಯನ ಕೆಂಪು ಕುರ್ಚಿಯೇ ಬರಬೇಕು. ಹೀಗೆ ಬಿಡುವಿಲ್ಲದೆ ದುಡಿಯುವವನು ಮುಳುಗಿದ್ದು ಹೇಗೆ?

"ಅವನಿಗೆ ಚಟ ಎಂತಾದರೂ ಉಂಟಾ?"

ಅಮ್ಮಣಿ ಒಂದು ಕ್ಷಣ ಅವರ ಮುಖವನ್ನೇ ನೋಡಿದಳು. "ಒಂದು ಉಂಟು ಸರ್. ಯಾರು ಕರೆದರೂ ಹೋಗಿಬಿಡ್ತಾರೆ. ಇಲ್ಲ ಅನ್ಲಿಕ್ಕೆ ಬರುದಿಲ್ಲ. ವಾಪಸ್ ಬರುವಾಗ ಕೈ ಖಾಲಿ."

"ಹೋಗುದು ಎಲ್ಲಿಗೆ?"

"ಹೆಚ್ಚಾಗಿ ದೊಡ್ಡವರ ಮನೆಗೆ."

"ನೀವು ಕೇಳುದಿಲ್ಲವಾ?"

"ಕೇಳಿ ಕೇಳಿ ಸಾಕಾಯ್ತು. ನಾಳೆ, ನಾಳೆ ಅಂತಾರೆ."

ಕೃಷ್ಣರಾಜರು ತೃಪ್ತಿಯಿಂದ ಚಪ್ಪಲಿ ಮೆಟ್ಟಿದರು. ಮನೆಗೆ ಬಂದವರೇ ಹೆಂಡತಿಗೆ ವರದಿ ಒಪ್ಪಿಸಿದರು. "ಇಸ್ಪೀಟು. ಅದೂ ದೊಡ್ಡ ದೊಡ್ಡವರ ಜೊತೆ."

"ಲೋಕಯ್ಯನಾ?" ಮನೋರಮಾ ಮುಖ ಎತ್ತಿದರು. "ಕಳೆದ ವರ್ಷ ಮೂರು ಸಲ ನಮ್ಮ ಗೇಟಿನ ಹತ್ತಿರ ಬಂದು ನಿಂತಿದ್ದ, ಪಾಪ."

"ಸಾಲ ಕೇಳ್ಲಿಕ್ಕೆ. ಅವನ ಮುಖ ನೋಡಿದರೇ ಗೊತ್ತಾಗ್ತಿತ್ತು. ನಾನು ಸ್ನಾನಕ್ಕೆ ಹೋಗಿದ್ದೇನೆ ಅಂತ ಹೇಳಿಸಿದ್ದು ಒಳ್ಳೆಯದಾಯ್ತು."

ಮನೋರಮಾ ತಲೆ ತಗ್ಗಿಸಿ ಬೀನ್ಸ್ ಮುರಿಯತೊಡಗಿದರು.

ಭಾನುವಾರ ಸಂಜೆ ಸಂಘದ ಮೈದಾನದಲ್ಲಿ ಸಮಾರಂಭ. ಕುರ್ಚಿ, ಶಾಮಿಯಾನ ಹೊರಗಿನಿಂದ ತರಿಸುವುದೋ ಎಂದು ಕಾರ್ಯದರ್ಶಿ ವಿಲ್ಸನ್ ಕೇಳಿದಾಗ ಕೃಷ್ಣರಾಜರು ನಕ್ಕುಬಿಟ್ಟಿದ್ದರು. "ಎಂತಕ್ಕೆ ಮಾರಾಯ? ಅವನದೇ ಕಾರ್ಯಕ್ರಮ ಅಲ್ವಾ?" ಟೆಂಪೊ ಇಲ್ಲದ ಲೋಕಯ್ಯ ಬೆಳಿಗ್ಗೆಯಿಂದ ಕೈಗಾಡಿಯಲ್ಲಿ ನಾನೂರು ಕುರ್ಚಿ ಎಳೆದು ತಂದು, ತನ್ನ ಮೇಲಿನ ಅನುಕಂಪಕ್ಕೆ ತಾನೇ ಚಪ್ಪರ ಕಟ್ಟಿದ. ಸಂಜೆ ಐದಕ್ಕೆ ವೇದಿಕೆಯ ಹಿಂದೆ ಬೆವರು ಒರೆಸುತ್ತಾ ಕುಕ್ಕರಿಸಿದ. ಅವನಿಗೆ ಕುರ್ಚಿ ಉಳಿದಿರಲಿಲ್ಲ.

ಫ್ಲೆಕ್ಸಿನಲ್ಲಿ ಕೃಷ್ಣರಾಜರ ಮುಖ ಸೂರ್ಯನಷ್ಟು, ಲೋಕಯ್ಯನ ಸಂಸಾರ ಅಂಚೆಚೀಟಿಯಷ್ಟು. ದಾನಿಗಳಿಗೆಲ್ಲ ಶಾಲು, ಸ್ಮರಣಿಕೆ. ಮೂರು ಭಾಷಣಗಳಲ್ಲಿ ಮಾನವೀಯತೆ ಹತ್ತೊಂಬತ್ತು ಸಲ ಬಂತು. ಕೃಷ್ಣರಾಜರು ಐದು ಸಾವಿರದ ಒಂದು ರೂಪಾಯಿಯ ಲಕೋಟೆಯನ್ನು ಎರಡು ಸಲ ಕೊಟ್ಟರು. ಮೊದಲ ಫೋಟೊದಲ್ಲಿ ಕಣ್ಣು ಮುಚ್ಚಿತ್ತು. ಒಟ್ಟು ಒಂದು ಲಕ್ಷದ ತೊಂಬತ್ತು ಸಾವಿರ ಸೇರಿತು ಎಂದು ವಿಲ್ಸನ್ ಘೋಷಿಸಿದ.

ಕೃಷ್ಣರಾಜರು ವೇದಿಕೆಯ ಹಿಂದೆ ಬಂದರು. "ಅಮ್ಮಣಿ, ನೀವು ಎರಡು ಮಾತು ಹೇಳ್ಬೇಕು. ಸಾಲ ಯಾಕೆ ಆಯ್ತು, ದುಡ್ಡು ಯಾರ ಕೈಗೆ ಹೋಯ್ತು. ನಾಲ್ಕು ಜನರಿಗೆ ಪಾಠ ಆಗ್ಲಿ."

"ಬೇಡ ಸರ್. ಇಷ್ಟು ಜನರ ಎದುರು ಮರ್ಯಾದೆ ಹೋಗ್ತದೆ."

"ಸತ್ಯ ಹೇಳಿದರೆ ಯಾರ ಮರ್ಯಾದೆಯೂ ಹೋಗುದಿಲ್ಲ."

ಲೋಕಯ್ಯ ಗಾಬರಿಯಿಂದ ಎದ್ದು ಹೆಂಡತಿಯ ಸೆರಗು ಹಿಡಿದ. "ಬೇಡ ಮಾರಾಯ್ತಿ. ನಾಳೆ ಪುನಃ ಅವರ ಮುಖ ನೋಡ್ಬೇಕಲ್ಲ ನಾವು."

ಅವನ ಗಾಬರಿ ಕಂಡು ಕೃಷ್ಣರಾಜರಿಗೆ ಉಳಿದಿದ್ದ ಚೂರು ಸಂಶಯವೂ ಕರಗಿತು. ಅಮ್ಮಣಿ ಗಂಡನ ಕೈಯನ್ನು ನೋಡಿದಳು. ಹಗ್ಗ ಎಳೆದೆಳೆದು ಅಂಗೈ ಸುಲಿದು ರಕ್ತ ಒಸರುತ್ತಿತ್ತು. ಅವಳು ಮೆಲ್ಲಗೆ ಸೆರಗು ಬಿಡಿಸಿಕೊಂಡು ವೇದಿಕೆ ಹತ್ತಿದಳು.

"ಹೆದರ್ಬೇಡಿ," ಎಂದು ಕೃಷ್ಣರಾಜರು ಮೈಕಿನಲ್ಲೇ ಅಭಯ ಕೊಟ್ಟರು. "ಅವರು ಎಷ್ಟು ದೊಡ್ಡವರಾದರೂ ಸರಿ, ಹೆಸರು ಹೇಳಿ. ಸಂಘ ನಿಮ್ಮ ಜೊತೆ ಉಂಟು!"

ಚಪ್ಪಾಳೆ ಬಿತ್ತು. ಅವರು ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತರು.

ಅಮ್ಮಣಿಯ ಕೈಯಲ್ಲಿ ಚೀಟಿ ಇರಲಿಲ್ಲ. ಎಲ್ಲವೂ ಬಾಯಿಪಾಠವಾಗಿತ್ತು.

"ಈ ದಾನ ನಮಗೆ ಬೇಡ, ಬಾಡಿಗೆ ಬಾಕಿ ಕೊಟ್ಟರೆ ಸಾಕು," ಎಂದಳು. "ಮುಂದಿನ ಸಾಲಿನಿಂದಲೇ ಸುರು ಮಾಡ್ತೇನೆ: ಕೃಷ್ಣರಾಜ ಸರ್, ಮಗಳ ಮದುವೆಯದ್ದು, ಎಂಬತ್ತಾರು ಸಾವಿರ."