ಅರ್ಧಕ್ಕೆ ನಿಂತ ಪ್ರೆಸ್

ತಮ್ಮನ ಬಲಗೈಯನ್ನು ಜಜ್ಜಿಹಾಕಿದ, ತಗಡು ಒತ್ತುವ ಪ್ರೆಸ್ಸಿನ ಮುಂದೆ ಜಬೀನಾ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದಳು. ಯಂತ್ರವನ್ನು ನಡೆಸುವ ಕಂಪ್ಯೂಟರ್ ಸ್ಕ್ರಿಪ್ಟನ್ನು, ಸಾಲುಸಾಲಾಗಿ ತಡೆದು ದೋಷ ಹುಡುಕಲೆಂದು ತಾನೇ ಕಟ್ಟಿದ ಡೀಬಗರ್‌ನಿಂದ ಒಂದು ಸಾಲಿನಲ್ಲಿ ತಡೆದು ನಿಲ್ಲಿಸಿದ್ದಳು. ಉಕ್ಕಿನ ಅಚ್ಚು ಅರ್ಧಕ್ಕೆ ಇಳಿದು ನಿಂತಿತ್ತು.

ಕಾರ್ಖಾನೆಯ ಮಾಲೀಕ ಚೌಡಪ್ಪ ಕಬ್ಬಿಣದ ಸಲಾಕೆ ಹಿಡಿದು ಬಂದವನೇ ಅವಳ ಕೆನ್ನೆಗೆ ಬಾರಿಸಿದ. ತುಟಿ ಒಡೆದು ರಕ್ತ ಸುರಿಯಿತು. ಅವಳು ಕುರ್ಚಿ ಬಿಟ್ಟು ಏಳಲಿಲ್ಲ.

“ಕೈ ಅಡ್ಡ ಬಂದ್ರೆ ಪ್ರೆಸ್ ನಿಲ್ಲಬೇಕು ಅನ್ನೋ ಸಾಲನ್ನ ತೆಗೆಸಿದ್ದು ನೀವೇ ಅಲ್ವಾ, ಸಾರ್?”

“ಹೌದು ಕಣೇ, ನಾನೇ. ಸುಮ್‌ಸುಮ್ನೆ ನಿಲ್ತಾ ಇದ್ರೆ ಮಾಲು ನಿಮ್ಮಪ್ಪ ಕೊಡ್ತಾನಾ?”

“ಇಲ್ಲಿ ಎಲ್ಲಾ ಕಾಣ್ತಾ ಇದೆ. ಪೊಲೀಸರಿಗೂ ತೋರಿಸ್ತೀನಿ.”

ಚೌಡಪ್ಪ ನಕ್ಕ. ಎಡಗೈಯನ್ನು ಅಚ್ಚಿನ ಕೆಳಗಿನ ಹಾಸಿನ ಮೇಲೆ ಊರಿ, ಲ್ಯಾಪ್‌ಟಾಪಿನ ಕಡೆಗೆ ಬಾಗಿ, ಬಲಗೈಯಿಂದ ಸಲಾಕೆ ಎತ್ತಿದ.

“ಬೇಡಿ ಸಾರ್! ಪ್ರೆಸ್ಸನ್ನ ಹಿಡ್ಕೊಂಡಿರೋದೇ ಅದು!”

“ಸಾಕ್ಷಿ ಹೋಗುತ್ತೆ ಅಂತ ಈಗ ನಡುಕ ಬಂತಾ?”

ಒಂದೇ ಏಟಿಗೆ ಲ್ಯಾಪ್‌ಟಾಪ್ ನುಚ್ಚುನೂರಾಯಿತು.

ಹಿಡಿತ ತಪ್ಪಿದ ಸ್ಕ್ರಿಪ್ಟು ನಿಂತಲ್ಲಿಂದಲೇ ಮುಂದುವರಿಯಿತು. ಅಚ್ಚು ಚೌಡಪ್ಪನ ಕೈಗಾಗಿ ನಿಲ್ಲಲಿಲ್ಲ.